ಕೈಯಲ್ಲಿ 140, ಕಾಗದದಲ್ಲಿ 260

ಕಳೆದ ಮೇ ತಿಂಗಳ ಒಂದು ಭಾನುವಾರ ನಾವು ನಾಲ್ಕು ಜನ ಕುಮಟಾದ ಅಳ್ವೆಕೋಡಿ ಹತ್ತಿರ ಹೈವೇ ಬದಿಯಲ್ಲಿ ಸಿಹಿ ಈರುಳ್ಳಿ ಕೊಳ್ಳೋಕೆ ನಿಂತಿದ್ವಿ. ಎರಡು ಗೊಂಚಲಿಗೆ 360 ರೂಪಾಯಿ. 500ರ ನೋಟು ಕೊಟ್ಟೆವು. ಅಮ್ಮನ ಪಕ್ಕ ಕೂತಿದ್ದ, ನಾಲ್ಕನೇ ಕ್ಲಾಸ್ ಮುಗಿಸಿದ ಹುಡುಗ ಕ್ಷಣದಲ್ಲಿ 140 ಎಣಿಸಿ ಕೊಟ್ಟ. ಖುಷಿಯಾಗಿ, ಅದೇ ಲೆಕ್ಕ ಕಾಗದದ ಮೇಲೆ ಮಾಡು ಅಂದ್ವಿ. 260 ಅಂತ ಬರೆದ. ಸೊನ್ನೆಯಿಂದ ಆರು ಹೋಗಲ್ಲ ಅಂತ ಆರರಿಂದ ಸೊನ್ನೆ ಕಳೆದಿದ್ದ! "ಶಾಲೇಲಿ ಬರ್ತಿತ್ತು ಅಣ್ಣಾ, ಈಗ ಮರ್ತೋಯ್ತು" ಅಂದ.

ನಾವು ನಗಲಿಲ್ಲ. ಸೆಮ್ ಬ್ರೇಕ್ ಮುಗಿಸಿ ಬಂದಾಗ ನಮಗೆ ಇಂಟಿಗ್ರೇಷನ್ ಎಷ್ಟು ನೆನಪಿರುತ್ತೆ ಅಂತ ನಮಗೇ ಗೊತ್ತು.

ಇದು ಅವನೊಬ್ಬನ ಕಥೆಯಲ್ಲ. 1996ರಲ್ಲಿ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಅಮೆರಿಕದಲ್ಲಿ 39 ಅಧ್ಯಯನಗಳನ್ನು ಪರಿಶೀಲಿಸಿದಾಗ, ಬೇಸಿಗೆ ರಜೆಯಲ್ಲಿ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳ್ತಾರೆ, ಓದಿಗಿಂತ ಗಣಿತದಲ್ಲಿ ನಷ್ಟ ಹೆಚ್ಚು ಅಂತ ಕಂಡಿತು. ನಮ್ಮಲ್ಲಿ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ಶಾಲೆ ತೆರೆದ ಬೆನ್ನಿಗೇ ಕರಾವಳಿಯಲ್ಲಿ ಮಳೆ, ಅದರ ಜೊತೆ ಮಳೆ ರಜೆ.

ಮನೆಯಲ್ಲಿ ಹೇಳಿಕೊಡಬಹುದಲ್ವಾ ಅಂತ ಕೇಳೋದು ಸುಲಭ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಹಾಗಾಗಿ ಹೊನ್ನಾವರದ ಕಾಸರಕೋಡಿನಂಥ ಕಡೆ ಏಪ್ರಿಲ್-ಮೇ ಅಂದ್ರೆ ಮೀನು ಹಿಡಿಯೋ, ಒಣಗಿಸೋ, ಮಳೆಗಾಲಕ್ಕೆ ದುಡ್ಡು ಕೂಡಿಡೋ ಹೊತ್ತು. ಅಪ್ಪ-ಅಮ್ಮ ಯಾವಾಗ ಪುಸ್ತಕ ಹಿಡಿದು ಕೂರಬೇಕು? ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಫೀಸು ಕಟ್ಟಿ ಸೇರಿಸೋ ಸಮ್ಮರ್ ಕ್ಯಾಂಪ್ ಇತ್ತು. ಅವನಿಗಿಲ್ಲ.

ರಜೆ ಇರೋದೇ ಆಡೋಕೆ ಅಂತೀರಾ? ಒಪ್ಪಿದೆವು. ಗೇರುಬೀಜ ಹೆಕ್ಕಲಿ, ಮಾವಿನಕಾಯಿ ಉದುರಿಸಲಿ, ರಾತ್ರಿಯಿಡೀ ಯಕ್ಷಗಾನ ನೋಡಲಿ. ಹೋಮ್‌ವರ್ಕ್ ಕೊಡೋದು ಬೇಡವೇ ಬೇಡ. ನಾವು ಕೇಳ್ತಿರೋದು ವಾರಕ್ಕೆ ಎರಡು ಗಂಟೆ ಮಾತ್ರ.

ಜಾಗ ಇದೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಗ್ರಾಮ ಪಂಚಾಯತಿ ಲೈಬ್ರರಿಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಅವನ್ನೇ ಈಗ ಅರಿವು ಕೇಂದ್ರ ಅಂತಾರೆ. ಅಲ್ಲಿ ಒಂದು ಗಂಟೆ ಕಥೆ ಓದೋದು, ಒಂದು ಗಂಟೆ ಅಂಗಡಿ ಆಟ. ಕುಮಟಾದಲ್ಲಿ ಈರುಳ್ಳಿ, ಹೊನ್ನಾವರದಲ್ಲಿ ಮೀನು, ಭಟ್ಕಳದಲ್ಲಿ ಮಲ್ಲಿಗೆ. ಕಾಗದದ ನೋಟು ಮಾಡಿ, 500ನ್ನು ನೂರರ ನಾಲ್ಕು, ಹತ್ತರ ಹತ್ತು ನೋಟಾಗಿ ಚಿಲ್ಲರೆ ಮಾಡಿಸಿ. ಅದರಿಂದ 360 ತೆಗೆಸಿ. ಆಮೇಲೆ ಅದನ್ನೇ ಬರೆಸಿ. 'ದಶಕ ತಗೊಳ್ಳೋದು' ಅಂದ್ರೆ ನೋಟು ಚಿಲ್ಲರೆ ಮಾಡೋದೇ ಅಂತ ಮಗುವಿಗೆ ತಾನೇ ಹೊಳೆಯುತ್ತೆ.

ನಮ್ಮ ತೊಂದರೆಗಳೂ ಇವೆ. ಆಗ ಇಂಟರ್ನಲ್ಸ್ ಇರುತ್ತೆ. ಜೊತೆಗೆ ಒತ್ತಕ್ಷರ ಬಂದ್ರೆ ನಮ್ಮಲ್ಲಿ ಕೆಲವರಿಗೆ ಈಗಲೂ ಬ್ರೇಕ್ ಬೀಳುತ್ತೆ. ಮೂರನೇ ಕ್ಲಾಸಿನವರು ನಮ್ಮನ್ನು ತಿದ್ದಿದರೂ ತಿದ್ದಬಹುದು. ತಿದ್ದಲಿ, ನಮಗೂ ಕಲಿತಂತಾಯ್ತು.

ಆರು ಭಾನುವಾರ, ಒಬ್ಬರಿಗೆ ಎರಡರಂತೆ ಹಂಚಿಕೊಂಡ್ರೆ ಯಾರ ಸಿಜಿಪಿಎ ಕೂಡ ಮುಳುಗಲ್ಲ. ಮುಂದಿನ ಮಾರ್ಚಿನಲ್ಲಿ ಕ್ಲಬ್ಬಿನ ಬೋರ್ಡಿಗೆ ಭಟ್ಕಳ, ಹೊನ್ನಾವರ, ಕುಮಟಾ ಅಂತ ಮೂರು ಹಾಳೆ ಅಂಟಿಸ್ತೀವಿ. ನಿಮ್ಮ ಊರಿನ ಹಾಳೆಯಲ್ಲಿ ಹೆಸರು ಬರೀರಿ.