ಹಿರಿಯರ ಗೊಂದಲ, ಕಿರಿಯರ ಕಾಯುವಿಕೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ ದಾಳಿಯ ಸೂತ್ರಧಾರ. ಆ ಸ್ಥಾನ ಒಬ್ಬರಿಗೇ ಮೀಸಲು, ಎರಡನೆಯವರು ಅಂಚಿನಲ್ಲಿ ನಿಂತು ಕಾಯಬೇಕು.

ಗ್ರೀನ್ ಬೇ ಪ್ಯಾಕರ್ಸ್ ತಂಡದಲ್ಲಿ ಬ್ರೆಟ್ ಫಾರ್ವ್ 16 ಋತು ಆ ಸ್ಥಾನದಲ್ಲಿದ್ದರು. 2005ರಲ್ಲಿ ತಂಡಕ್ಕೆ ಬಂದ ಆರನ್ ರಾಜರ್ಸ್ ಮೂರು ವರ್ಷ ಕಾದರು. 2008ರ ಮಾರ್ಚ್‌ನಲ್ಲಿ, 38ನೇ ವಯಸ್ಸಿನಲ್ಲಿ, ಫಾರ್ವ್ ಕಣ್ಣೀರಿಡುತ್ತಾ ನಿವೃತ್ತಿ ಘೋಷಿಸಿದರು. ಆದರೆ ಜುಲೈ ಹೊತ್ತಿಗೆ ಮತ್ತೆ ಆಡುವ ಮನಸ್ಸಾಯಿತು! ಅಷ್ಟರಲ್ಲಿ ತಂಡ ರಾಜರ್ಸ್ ಅವರನ್ನು ನೆಚ್ಚಿಕೊಂಡು ಸಿದ್ಧತೆ ನಡೆಸಿತ್ತು. ಅಭಿಮಾನಿಗಳು ಎರಡು ಪಾಲಾದರು. ಅಭ್ಯಾಸದ ವೇಳೆ ಕೆಲವರು ರಾಜರ್ಸ್ ಅವರನ್ನೇ ಹೀಯಾಳಿಸಿದರು. ತಪ್ಪು ಅವರದಾಗಿರಲಿಲ್ಲ. ಕೊನೆಗೆ ಆಗಸ್ಟ್‌ನಲ್ಲಿ ಫಾರ್ವ್ ನ್ಯೂಯಾರ್ಕ್ ಜೆಟ್ಸ್ ಪಾಲಾದರು.

ಹಿಂದಿನ ಋತುವಿನ ಲೀಗ್ ಹಂತದಲ್ಲಿ 16 ಪಂದ್ಯಗಳಲ್ಲಿ 13 ಗೆದ್ದಿದ್ದ ಪ್ಯಾಕರ್ಸ್ ಈ ಬಾರಿ ಗೆದ್ದದ್ದು ಆರೇ. ಆದರೂ ತಂಡ ರಾಜರ್ಸ್ ಅವರ ಕೈಬಿಡಲಿಲ್ಲ. 2011ರ ಫೆಬ್ರುವರಿಯಲ್ಲಿ ಅವರು ಸೂಪರ್ ಬೌಲ್ ಗೆದ್ದುಕೊಟ್ಟರು.

ಜೀವನವಿಡೀ ಮಾಡಿದ ಕೆಲಸ ಬಿಡುವುದು ಯಾರಿಗೂ ಸುಲಭವಲ್ಲ. ಆದರೆ ಹಿರಿಯರು ‘ನೋಡೋಣ’ ಎನ್ನುವಷ್ಟು ದಿನವೂ ಯಾರೋ ಕಿರಿಯರು ಕಾಯುತ್ತಿರುತ್ತಾರೆ ಎಂಬುದು ನೆನಪಿರಲಿ. ಕಾಯುವ ಕಿರಿಯರೂ ಅಷ್ಟೇ, ಆ ದಿನಗಳನ್ನು ಗೊಣಗುತ್ತಾ ಕಳೆಯದೆ ಅಭ್ಯಾಸಕ್ಕೆ ಬಳಸಿಕೊಳ್ಳಲಿ. ಕರೆ ಬಂದಾಗ ಕೈಹಿಡಿಯುವುದು ಅದೇ.