ಹೇಸ್‌ನಲ್ಲಿ ಟ್ರಾಫಿಕ್ ದಂಡ: ಕಾದರೆ ರಿಯಾಯಿತಿ ಸಿಗೋದಿಲ್ಲ, ಕೋರ್ಟ್ ಪತ್ರ ಬರುತ್ತೆ

ಹೇಸ್ (ಲಂಡನ್): ಗಲ್ಫ್‌ನಲ್ಲಿ ನಾಲ್ಕಾರು ವರ್ಷ ಗಾಡಿ ಓಡಿಸಿ ಆಮೇಲೆ ಇಂಗ್ಲೆಂಡಿಗೆ ಹೋದವರು ಒಂದು ಅಭ್ಯಾಸವನ್ನೂ ಜೊತೆಗೆ ಕೊಂಡೊಯ್ಯುತ್ತಾರೆ. ದಂಡ ಬಿತ್ತಾ? ಬೀಳಲಿ ಬಿಡು. ಮುಲ್ಕಿಯಾ ರಿನ್ಯೂವಲ್ ಮಾಡುವಾಗ ಒಟ್ಟಿಗೆ ಕಟ್ಟಿದರಾಯ್ತು. ಅಷ್ಟರಲ್ಲಿ ಸರ್ಕಾರ ಏನಾದ್ರೂ ರಿಯಾಯಿತಿ ಕೊಟ್ಟರೆ ಲಾಭವೇ. ಹೀಥ್ರೂ ಪಕ್ಕದ ಹೇಸ್‌ನಲ್ಲಿ ಬಾಡಿಗೆ ಮನೆ ಹಿಡಿದು, ವಿಮಾನ ನಿಲ್ದಾಣದಲ್ಲೋ ವೇರ್‌ಹೌಸ್‌ನಲ್ಲೋ ಡೆಲಿವರಿ ವ್ಯಾನ್‌ನಲ್ಲೋ ದುಡಿಯುವವರಿಗೆ ಇದೇ ಅಭ್ಯಾಸ ದುಬಾರಿಯಾಗುತ್ತದೆ. ಅಲ್ಲಿ ವೇಗ ಮೀರಿದ ತಪ್ಪಿಗಿಂತ ಪತ್ರಕ್ಕೆ ಉತ್ತರ ಕೊಡದ ತಪ್ಪಿಗೇ ಹೆಚ್ಚು ಶಿಕ್ಷೆ.

ಕೊನೆಯಲ್ಲಿ ರಿಯಾಯಿತಿ, ಮೊದಲಲ್ಲಿ ರಿಯಾಯಿತಿ

ಈ ಅಭ್ಯಾಸ ಸುಮ್ಮನೆ ಬಂದದ್ದಲ್ಲ. ಸೌದಿ ಅರೇಬಿಯಾದಲ್ಲಿ 2024ರ ಏಪ್ರಿಲ್ 18ಕ್ಕೆ ಮೊದಲಿನ ಟ್ರಾಫಿಕ್ ದಂಡಗಳಿಗೆ ಶೇ. 50 ರಿಯಾಯಿತಿ ಕೊಟ್ಟರು. ಆರು ತಿಂಗಳ ಗಡುವನ್ನು ಆಮೇಲೆ 2025ರ ಏಪ್ರಿಲ್‌ವರೆಗೆ ವಿಸ್ತರಿಸಿದರು. ಊರಿನ ಕಥೆಯೂ ಬೇರೆಯಲ್ಲ. ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ಚಲನ್‌ಗಳಿಗೆ ಅರ್ಧ ವಿನಾಯಿತಿ ಅಂದಾಗ ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಅದೇ ಅರ್ಧ ದರ. ಮೊದಲ ದಿನವೇ ಪೂರ್ತಿ ಕಟ್ಟಿದವನು ಪೆದ್ದ, ಕಾದವನು ಜಾಣ ಅನ್ನೋ ಲೆಕ್ಕ ಜನರ ತಲೆಯಲ್ಲಿ ಕೂತಿದ್ದರೆ ಆಶ್ಚರ್ಯವೇನಿಲ್ಲ. ಅಬುಧಾಬಿಯಲ್ಲಿ ಮಾತ್ರ 60 ದಿನದೊಳಗೆ ಕಟ್ಟಿದವರಿಗೆ ಶೇ. 35 ಕಡಿತ ಕೊಟ್ಟು, ಬೇಗ ಕಟ್ಟುವವರಿಗೇ ಲಾಭ ಅನ್ನೋ ದಾರಿ ಹಿಡಿದಿದ್ದಾರೆ.

ಇಂಗ್ಲೆಂಡಿನ ಇಡೀ ವ್ಯವಸ್ಥೆ ಈ ಎರಡನೇ ದಾರಿಯಲ್ಲೇ ಇದೆ. ಅಗ್ಗದ ಬಾಗಿಲು ಮೊದಲ ಕೆಲವು ವಾರ ಮಾತ್ರ ತೆರೆದಿರುತ್ತದೆ. ಆಮೇಲೆ ಪ್ರತಿ ಹಂತದಲ್ಲೂ ಮೊತ್ತ ಏರುತ್ತದೆ, ಕೊನೆಗೆ ಅದು ದಂಡವಾಗಿ ಉಳಿಯದೆ ಕ್ರಿಮಿನಲ್ ದಾಖಲೆಯಾಗುತ್ತದೆ.

ಮೊದಲ ಪತ್ರದಲ್ಲಿ ಏನಿರುತ್ತೆ?

ಕ್ಯಾಮೆರಾದಲ್ಲಿ ವೇಗ ದಾಖಲಾದರೆ ಪೊಲೀಸರು 14 ದಿನದೊಳಗೆ ವಾಹನದ ನೋಂದಾಯಿತ ಮಾಲೀಕರಿಗೆ 'ನೋಟಿಸ್ ಆಫ್ ಇಂಟೆಂಡೆಡ್ ಪ್ರಾಸಿಕ್ಯೂಷನ್' ತಲುಪಿಸಬೇಕು. ಅದರ ಜೊತೆಗೇ ಒಂದು ಪ್ರಶ್ನೆ ಇರುತ್ತೆ: ಆ ಹೊತ್ತಿನಲ್ಲಿ ಗಾಡಿ ಓಡಿಸಿದ್ದು ಯಾರು? ರೋಡ್ ಟ್ರಾಫಿಕ್ ಆಕ್ಟ್ 1988ರ ಸೆಕ್ಷನ್ 172ರ ಪ್ರಕಾರ 28 ದಿನದೊಳಗೆ ಇದಕ್ಕೆ ಉತ್ತರ ಕೊಡಲೇಬೇಕು. ಇದು ದಂಡ ಕಟ್ಟುವ ಪತ್ರವಲ್ಲ, ಹೆಸರು ಕೇಳುವ ಪತ್ರ. ಹಲವರು ಎಡವೋದು ಇಲ್ಲೇ. 'ಇನ್ನೂ ದಂಡ ಎಷ್ಟು ಅಂತ ಬರೆದಿಲ್ಲವಲ್ಲ, ಬರಲಿ ನೋಡೋಣ' ಅಂತ ಪತ್ರವನ್ನು ಫ್ರಿಜ್ ಮೇಲೆ ಇಡ್ತಾರೆ. ಅಥವಾ ಮಕ್ಕಳ ರಜೆಗೆಂದು ಆರು ವಾರ ಊರಿಗೆ ಹೋಗಿರುತ್ತಾರೆ, ಪತ್ರ ಬಾಗಿಲ ಹಿಂದೆ ಬಿದ್ದಿರುತ್ತದೆ.

ಒಂದು ಲೆಕ್ಕ ನೋಡಿ. ತೆರಿಗೆ ಕಳೆದು ವಾರಕ್ಕೆ 450 ಪೌಂಡ್ ಕೈಗೆ ಬರುವ ಒಬ್ಬ ಡ್ರೈವರ್ ಗಂಟೆಗೆ 30 ಮೈಲಿ ಮಿತಿಯ ರಸ್ತೆಯಲ್ಲಿ 38ರಲ್ಲಿ ಹೋದ ಅಂತಿಟ್ಟುಕೊಳ್ಳಿ.

ಹೆಸರು ಕೊಟ್ಟು ಒಪ್ಪಿಕೊಂಡರೆ, ಹಿಂದಿನ ಮೂರು ವರ್ಷದಲ್ಲಿ ಹೋಗಿರದಿದ್ದರೆ, ಸಾಮಾನ್ಯವಾಗಿ ಸ್ಪೀಡ್ ಅವೇರ್‌ನೆಸ್ ಕೋರ್ಸ್‌ನ ಅವಕಾಶ ಸಿಗುತ್ತದೆ. ಶುಲ್ಕ ಕಟ್ಟಿ ಕೆಲವು ಗಂಟೆ ಕೂತರೆ ಮುಗಿಯಿತು, ಲೈಸೆನ್ಸ್ ಮೇಲೆ ಪಾಯಿಂಟ್ ಇಲ್ಲ. ಕೋರ್ಸ್ ಸಿಗದಿದ್ದರೆ ಫಿಕ್ಸೆಡ್ ಪೆನಾಲ್ಟಿ: 100 ಪೌಂಡ್, 3 ಪಾಯಿಂಟ್.

ಅದನ್ನೂ ಬಿಟ್ಟು ವೇಗದ ಕೇಸ್ ಕೋರ್ಟಿಗೆ ಹೋದರೆ ದಂಡ ಆದಾಯದ ಮೇಲೆ ನಿಂತಿರುತ್ತದೆ. ಈ ವೇಗಕ್ಕೆ ವಾರದ ಆದಾಯದ ಅರ್ಧದಿಂದ, ಅಂದರೆ 225 ಪೌಂಡ್‌ನಿಂದ ಲೆಕ್ಕ ಶುರು. ಮೊದಲೇ ತಪ್ಪೊಪ್ಪಿಕೊಂಡರೆ ಮೂರನೇ ಒಂದು ಭಾಗ ಕಡಿತ, ಉಳಿಯೋದು 150. ಅದರ ಮೇಲೆ ಶೇ. 40 ಸರ್‌ಚಾರ್ಜ್ 60 ಪೌಂಡ್. ಒಟ್ಟು 210, ಜೊತೆಗೆ ಪ್ರಾಸಿಕ್ಯೂಷನ್ ವೆಚ್ಚ ಮತ್ತು 3 ಪಾಯಿಂಟ್.

ಇನ್ನು ಹೆಸರೇ ಕೊಡದೆ ಸುಮ್ಮನಿದ್ದರೆ? ಅದು ಬೇರೆಯೇ ಅಪರಾಧ. ಲೆಕ್ಕ ಶುರುವಾಗೋದು ವಾರದ ಆದಾಯದ ಒಂದೂವರೆ ಪಟ್ಟಿನಿಂದ: 675 ಪೌಂಡ್. ಸರ್‌ಚಾರ್ಜ್ 270. ಒಟ್ಟು 945 ಪೌಂಡ್, ಮೇಲೆ ವೆಚ್ಚ, ಲೈಸೆನ್ಸ್ ಮೇಲೆ 6 ಪಾಯಿಂಟ್. 38 ಮೈಲಿ ವೇಗಕ್ಕೆ 100 ಪೌಂಡ್‌ನಲ್ಲಿ ಮುಗಿಯಬೇಕಿದ್ದದ್ದು ಮೌನದಿಂದ ಒಂಬತ್ತು ಪಟ್ಟು ಆಯಿತು.

ದುಡ್ಡಿಗಿಂತ ಪಾಯಿಂಟ್‌ನ ಹೊಡೆತವೇ ಜೋರು. ಮೂರು ವರ್ಷದಲ್ಲಿ 12 ಪಾಯಿಂಟ್ ಆದರೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಡ್ರೈವಿಂಗ್ ನಿಷೇಧ. ಭಾರತದ ಲೈಸೆನ್ಸ್ ಇದ್ದವರು ಬ್ರಿಟನ್ನಿನಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ ಅದರಲ್ಲಿ ಓಡಿಸಬಹುದು, ಆಮೇಲೆ ಅಲ್ಲಿನ ಪರೀಕ್ಷೆ ಬರೆದು ಪಾಸಾಗಬೇಕು. ಹಾಗೆ ಪಾಸಾದ ಮೊದಲ ಎರಡು ವರ್ಷದಲ್ಲಿ 6 ಪಾಯಿಂಟ್ ಆದರೆ ಲೈಸೆನ್ಸ್ ರದ್ದು, ಮತ್ತೆ ಕಲಿಯುವವರ ಪ್ರೊವಿಷನಲ್‌ನಿಂದ ಶುರು. ಅಂದರೆ ಉತ್ತರ ಕೊಡದ ಒಂದೇ ಒಂದು ಪತ್ರ ಸಾಕು. ವ್ಯಾನ್ ಓಡಿಸಿ ಮನೆ ನಡೆಸುವವನಿಗೆ ಅದರ ಅರ್ಥ ಕೆಲಸ ಹೋಯಿತು ಅಂತ.

ಒಬ್ಬರೇ ಮ್ಯಾಜಿಸ್ಟ್ರೇಟ್, ಮುಚ್ಚಿದ ಕೋಣೆ

ಕೋರ್ಟ್ ಅಂದಾಕ್ಷಣ ವಕೀಲರು, ಕಟಕಟೆ, ಹೆಸರು ಕೂಗುವ ಪೇದೆ ಕಣ್ಣ ಮುಂದೆ ಬರ್ತಾರೆ. ಹೇಸ್‌ಗೆ ಹತ್ತಿರದ ಅಕ್ಸ್‌ಬ್ರಿಜ್‌ನಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ ನಿಜ. ಆದರೆ ಇಂಥ ಸಣ್ಣ ಕೇಸ್‌ಗಳು ಬಹುಪಾಲು ತೆರೆದ ಕೋರ್ಟಿಗೆ ಬರೋದೇ ಇಲ್ಲ. 2015ರಲ್ಲಿ ಜಾರಿಗೆ ಬಂದ 'ಸಿಂಗಲ್ ಜಸ್ಟಿಸ್ ಪ್ರೊಸೀಜರ್' ಪ್ರಕಾರ, ಜೈಲು ಶಿಕ್ಷೆಗೆ ಅವಕಾಶವಿಲ್ಲದ ಸಣ್ಣ ಅಪರಾಧಗಳನ್ನು ಒಬ್ಬರೇ ಮ್ಯಾಜಿಸ್ಟ್ರೇಟ್, ಒಬ್ಬ ಕಾನೂನು ಸಲಹೆಗಾರರ ನೆರವಿನಲ್ಲಿ, ಬರೀ ಕಾಗದ ನೋಡಿ ತೀರ್ಮಾನಿಸುತ್ತಾರೆ. ಆರೋಪಿ ಇರೋದಿಲ್ಲ, ವಕೀಲ ಇರೋದಿಲ್ಲ, ಪತ್ರಕರ್ತರೂ ಇರೋದಿಲ್ಲ.

ನೋಟಿಸ್ ಬಂದ ಮೇಲೆ ಉತ್ತರಕ್ಕೆ 21 ದಿನ. ಮೂರು ಆಯ್ಕೆ ಇದೆ: ತಪ್ಪೊಪ್ಪಿಕೊಂಡು ಕಾಗದದಲ್ಲೇ ಮುಗಿಸೋದು, ತಪ್ಪೊಪ್ಪಿಕೊಂಡು ಕೋರ್ಟಿಗೆ ಬಂದು ಹೇಳಿಕೊಳ್ಳೋದು, ತಪ್ಪು ಮಾಡಿಲ್ಲ ಅಂತ ವಿಚಾರಣೆ ಕೇಳೋದು. ವಿಚಾರಣೆಗೆ ಹೋಗುವವರು ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಅಂತ ಮೊದಲೇ ಕೇಳಬಹುದು. ಯಾವ ಉತ್ತರವೂ ಬರದಿದ್ದರೆ ಕೇಸ್ ನಿಲ್ಲೋದಿಲ್ಲ, ಪೊಲೀಸರ ಕಾಗದ ಮಾತ್ರ ನೋಡಿ ತೀರ್ಪು ಬರೆಯುತ್ತಾರೆ. ಆದಾಯದ ವಿವರ ತುಂಬದಿದ್ದರೆ ಕೋರ್ಟೇ ಒಂದು ಮೊತ್ತ ಊಹಿಸಿಕೊಂಡು ದಂಡ ಹಾಕುತ್ತದೆ. ಕಡಿಮೆ ಸಂಬಳದವರಿಗೆ ಇದು ನೇರ ನಷ್ಟ. ಹೀಗೆ ಬಂದ ತೀರ್ಪು ಸಹ ಕ್ರಿಮಿನಲ್ ಕನ್ವಿಕ್ಷನ್ನೇ. ವೀಸಾ, ಪೌರತ್ವದ ಅರ್ಜಿಯಲ್ಲಿ ಕೋರ್ಟ್ ಶಿಕ್ಷೆಯ ಬಗ್ಗೆ ಕೇಳಿದಾಗ ಇದನ್ನೂ ಬರೆಯಬೇಕು.

ಈ ಪದ್ಧತಿಯ ಬಗ್ಗೆ ಇಂಗ್ಲೆಂಡಿನಲ್ಲೇ ಟೀಕೆ ಇದೆ. 2024ರ ಮಾರ್ಚ್‌ನಲ್ಲಿ ಮ್ಯಾಜಿಸ್ಟ್ರೇಟರ ಸಂಘವೇ ಸುಧಾರಣೆ ಕೇಳಿತು. ಆರೋಪಿ ಬರೆದ ಕಷ್ಟದ ಪತ್ರವನ್ನು ಪ್ರಾಸಿಕ್ಯೂಷನ್‌ನವರು ಮೊದಲೇ ಓದಬೇಕು, ಪತ್ರಕರ್ತರಿಗೆ ನೋಡಲು ಬಿಡಬೇಕು ಅನ್ನೋದು ಅದರ ಬೇಡಿಕೆಗಳಲ್ಲಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಮುಖ್ಯ ಮ್ಯಾಜಿಸ್ಟ್ರೇಟ್ ಪಾಲ್ ಗೋಲ್ಡ್‌ಸ್ಪ್ರಿಂಗ್, ರೈಲು ಟಿಕೆಟ್ ವಿಷಯದಲ್ಲಿ ಈ ಪದ್ಧತಿಯಲ್ಲಿ ನಡೆಸಿದ ಸುಮಾರು 74,000 ಕೇಸ್‌ಗಳು ಅಸಿಂಧು ಅಂತ ತೀರ್ಪು ಕೊಟ್ಟರು. ಆ ಕಾನೂನಿನ ಕೇಸ್‌ಗಳನ್ನು ಈ ದಾರಿಯಲ್ಲಿ ನಡೆಸುವ ಅಧಿಕಾರವೇ ರೈಲು ಕಂಪನಿಗಳಿಗೆ ಇರಲಿಲ್ಲ. ಅಷ್ಟು ಸಾವಿರ ಕೇಸ್‌ಗಳಲ್ಲಿ ಇದು ಗಮನಕ್ಕೇ ಬಾರದೆ ಹೋಯಿತು ಅಂದರೆ, ಮುಚ್ಚಿದ ಕೋಣೆಯ ನ್ಯಾಯ ಎಷ್ಟು ಅವಸರದ್ದು ಅಂತ ಗೊತ್ತಾಗುತ್ತದೆ. ಆದರೆ ವ್ಯವಸ್ಥೆ ಸರಿಯಿಲ್ಲ ಅನ್ನೋದು ಪತ್ರ ಬಿಸಾಕಲು ಕಾರಣವಲ್ಲ. ಅಲ್ಲಿ ಆರೋಪಿಯ ಪರವಾಗಿ ಮಾತಾಡೋದು ಅವನೇ ತುಂಬಿದ ಫಾರಂ ಒಂದೇ.

ಬೇರೆಯವರ ಹೆಸರು ಬರೆಯಬೇಡಿ

ಒಂದೇ ಮನೆಯಲ್ಲಿ ನಾಲ್ಕು ಜನ, ಒಂದು ಕಾರು. 'ನಿನ್ನ ಲೈಸೆನ್ಸ್ ಕ್ಲೀನ್ ಇದೆ, ನಿನ್ನ ಹೆಸರು ಹಾಕೋಣ ಮಾರಾಯ' ಅನ್ನೋ ಮಾತು ಬರೋದು ಸಹಜ. ಬ್ರಿಟನ್ನಿನ ಮಂತ್ರಿಯಾಗಿದ್ದ ಕ್ರಿಸ್ ಹ್ಯೂನ್ 2003ರಲ್ಲಿ ವೇಗದ ಪಾಯಿಂಟ್‌ಗಳನ್ನು ಆಗಿನ ಪತ್ನಿ ವಿಕಿ ಪ್ರೈಸ್ ಹೆಸರಿಗೆ ಹಾಕಿಸಿದರು. ಹತ್ತು ವರ್ಷದ ನಂತರ, 2013ರ ಮಾರ್ಚ್‌ನಲ್ಲಿ, ನ್ಯಾಯಕ್ಕೆ ಅಡ್ಡಿಪಡಿಸಿದ ಅಪರಾಧಕ್ಕೆ ಇಬ್ಬರಿಗೂ ಎಂಟೆಂಟು ತಿಂಗಳ ಜೈಲು ಶಿಕ್ಷೆಯಾಯಿತು. 3 ಪಾಯಿಂಟ್ ಉಳಿಸಲು ಹೋಗಿ ಮಂತ್ರಿಯೇ ಜೈಲು ಸೇರಿದ ಮೇಲೆ ವೀಸಾದ ಮೇಲಿರುವವರು ಈ ಆಟಕ್ಕೆ ಇಳಿಯಬಾರದು.

ಎಲ್ಲ ಲಕೋಟೆಯೂ ಪೊಲೀಸರದ್ದಲ್ಲ

ಹೇಸ್‌ನ ಮನೆಗಳಿಗೆ ಬರುವ ದಂಡದ ಪತ್ರಗಳಲ್ಲಿ ಇನ್ನೆರಡು ಬಗೆಯಿವೆ. ಎರಡನ್ನೂ ಇಂಗ್ಲಿಷಿನಲ್ಲಿ 'ಪಿಸಿಎನ್' ಅಂತಲೇ ಕರೀತಾರೆ, ಗೊಂದಲವೂ ಅಲ್ಲೇ.

ಮೊದಲನೆಯದು ಕೌನ್ಸಿಲ್ ಅಥವಾ 'ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್' ಕಳಿಸುವ ಪೆನಾಲ್ಟಿ ಚಾರ್ಜ್ ನೋಟಿಸ್: ಪಾರ್ಕಿಂಗ್, ಬಸ್ ಲೇನ್, ಯೂಲೆಜ್. ಹಿಲಿಂಗ್‌ಡನ್ ಕೌನ್ಸಿಲ್ ಇತರ ನಾಲ್ಕು ಕೌನ್ಸಿಲ್‌ಗಳ ಜೊತೆ ಸೇರಿ ಯೂಲೆಜ್ ವಿಸ್ತರಣೆಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿ 2023ರ ಜುಲೈನಲ್ಲಿ ಸೋತಿತು. ಆ ವರ್ಷದ ಆಗಸ್ಟ್ 29ರಿಂದ ಹೇಸ್ ಕೂಡ ಈ ವಲಯದೊಳಗೆ ಬಂತು. ಮಾನದಂಡಕ್ಕೆ ಹೊಂದದ ಹಳೆ ಡೀಸೆಲ್ ವ್ಯಾನ್‌ಗೆ ದಿನಕ್ಕೆ 12.50 ಪೌಂಡ್. ಕಟ್ಟದಿದ್ದರೆ 180 ಪೌಂಡ್ ದಂಡ, 14 ದಿನದೊಳಗೆ ಕಟ್ಟಿದರೆ 90. ಇದರಲ್ಲಿ ಲೈಸೆನ್ಸ್ ಪಾಯಿಂಟ್ ಇಲ್ಲ, ಕ್ರಿಮಿನಲ್ ದಾಖಲೆಯೂ ಇಲ್ಲ. ಒಪ್ಪದವರು ಮೊದಲು ದಂಡ ಹಾಕಿದವರಿಗೆ ಬರೆದು, ಅವರು ತಿರಸ್ಕರಿಸಿದರೆ 'ಲಂಡನ್ ಟ್ರಿಬ್ಯೂನಲ್ಸ್'ಗೆ ಉಚಿತವಾಗಿ ಮೇಲ್ಮನವಿ ಹಾಕಬಹುದು. ಏನೂ ಮಾಡದಿದ್ದರೆ ಮೊತ್ತ ಶೇ. 50 ಏರಿ, ನಾರ್ತಾಂಪ್ಟನ್‌ನ ಟ್ರಾಫಿಕ್ ಎನ್‌ಫೋರ್ಸ್‌ಮೆಂಟ್ ಸೆಂಟರ್ ಮೂಲಕ ವಾರಂಟ್ ಆಗಿ, ವಸೂಲಿಯವರು ಬಾಗಿಲಿಗೆ ಬರ್ತಾರೆ. ಅವರ ಶುಲ್ಕವೂ ಸಾಲಕ್ಕೆ ಸೇರುತ್ತದೆ.

ಎರಡನೆಯದು ಸೂಪರ್‌ಮಾರ್ಕೆಟ್‌ನಂಥ ಕಡೆ ಖಾಸಗಿ ಕಂಪನಿ ಕಳಿಸುವ ಪಾರ್ಕಿಂಗ್ ಚಾರ್ಜ್ ನೋಟಿಸ್. ಇದು ಸರ್ಕಾರಿ ದಂಡವಲ್ಲ, ಬಿಲ್ ಇದ್ದ ಹಾಗೆ. ಹಾಗಂತ ಹರಿದು ಹಾಕಿದರೆ ಕಂಪನಿ ಕೌಂಟಿ ಕೋರ್ಟಿಗೆ ಹೋಗಬಹುದು. ಅಲ್ಲಿನ ಪತ್ರಕ್ಕೂ ಉತ್ತರ ಕೊಡದಿದ್ದರೆ ಏಕಪಕ್ಷೀಯ ತೀರ್ಪು ಬರುತ್ತೆ. ತೀರ್ಪಿನ ಹಣ ಒಂದು ತಿಂಗಳೊಳಗೆ ಕಟ್ಟದಿದ್ದರೆ ಅದು ಆರು ವರ್ಷ ಕ್ರೆಡಿಟ್ ದಾಖಲೆಯಲ್ಲಿ ಉಳಿದು, ಮನೆ ಸಾಲಕ್ಕೂ ಬಾಡಿಗೆ ಮನೆಗೂ ತೊಡಕಾಗುತ್ತೆ.

ಹಳೆ ವಿಳಾಸದ ಸಮಸ್ಯೆ

ಬಾಡಿಗೆದಾರರು ಮನೆ ಬದಲಿಸುತ್ತಲೇ ಇರುತ್ತಾರೆ. ಹೇಸ್‌ನಿಂದ ಸೌತಾಲ್, ಅಲ್ಲಿಂದ ಹೌನ್ಸ್‌ಲೋ ಅಥವಾ ಸ್ಲೌ. ಪತ್ರ ಹೋಗೋದು ವಾಹನದ ಲಾಗ್ ಬುಕ್‌ನಲ್ಲಿರುವ ವಿಳಾಸಕ್ಕೆ. ಬ್ಯಾಂಕಿಗೆ ಹೊಸ ವಿಳಾಸ ಕೊಟ್ಟು ಡಿವಿಎಲ್‌ಎಗೆ ಕೊಡೋದು ಮರೆತರೆ ನೋಟಿಸ್, ಕೋರ್ಟ್ ಪತ್ರ, ತೀರ್ಪು ಮೂರೂ ಹಳೆ ಮನೆಗೇ ಬರುತ್ತವೆ. ಲೈಸೆನ್ಸ್‌ನಲ್ಲೂ ಲಾಗ್ ಬುಕ್‌ನಲ್ಲೂ ವಿಳಾಸ ಬದಲಿಸಲು ಶುಲ್ಕವಿಲ್ಲ, ಬದಲಿಸದಿದ್ದರೆ 1,000 ಪೌಂಡ್‌ವರೆಗೆ ದಂಡ.

ಈಗಾಗಲೇ ಗೊತ್ತಿಲ್ಲದೆ ಶಿಕ್ಷೆಯಾಗಿದ್ದರೆ ಒಂದು ದಾರಿ ಉಳಿದಿದೆ. ಕೇಸಿನ ವಿಷಯ ತಿಳಿದೇ ಇರಲಿಲ್ಲ ಅಂತ ಪ್ರಮಾಣ ಮಾಡಿ ಸಲ್ಲಿಸುವ ಸ್ಟ್ಯಾಚುಟರಿ ಡಿಕ್ಲರೇಷನ್. ತೀರ್ಪಿನ ಸುದ್ದಿ ಗೊತ್ತಾದ 21 ದಿನದೊಳಗೆ ಕೊಟ್ಟರೆ ಆ ತೀರ್ಪು ರದ್ದಾಗಿ ಕೇಸ್ ಮೊದಲಿಂದ ಶುರುವಾಗುತ್ತೆ. ಸುಳ್ಳು ಪ್ರಮಾಣ ಮಾತ್ರ ಮತ್ತೊಂದು ಅಪರಾಧ.

ಆದ್ದರಿಂದ ಇಂಗ್ಲೆಂಡಿಗೆ ಹೊರಟವರು, ಈಗಾಗಲೇ ಹೋದವರು ಮಾಡಬೇಕಾದ್ದು ಇಷ್ಟೇ. ಮನೆ ಬದಲಿಸಿದ ವಾರವೇ ಡಿವಿಎಲ್‌ಎ ವಿಳಾಸ ಬದಲಿಸಿ. ಊರಿಗೆ ರಜೆ ಹೋಗುವಾಗ ಟಪಾಲು ತೆರೆದು ಫೋಟೋ ಕಳಿಸಲು ನಂಬುಗೆಯವರೊಬ್ಬರಿಗೆ ಹೇಳಿ. ಲಕೋಟೆ ಬಂದರೆ ಕಳಿಸಿದ್ದು ಪೊಲೀಸರೋ, ಕೌನ್ಸಿಲ್ಲೋ, ಖಾಸಗಿ ಕಂಪನಿಯೋ ಮೊದಲು ನೋಡಿ. ಕೊನೆಯ ದಿನಾಂಕವನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಉತ್ತರದ ಒಂದು ಪ್ರತಿ ಇಟ್ಟುಕೊಳ್ಳಿ.