ತಾತನ ಕಿವಿ, ಅಂಗಡಿಯ ಬಾಯಿ

ಬ್ಯಾಂಕಿನ ಕೌಂಟರಿನಲ್ಲಿ 35 ವರ್ಷ ಕೂತವನು ನಾನು. ಬೇರೆಯವರ ದುಡ್ಡು ಎಣಿಸುವಾಗ ಎಚ್ಚರ ತಪ್ಪಲಿಲ್ಲ. ನನ್ನದೇ 48,000 ರೂಪಾಯಿ ಕೊಡುವಾಗ ಮಾತ್ರ ಬಿಲ್ಲಿನ ಹಿಂದಿನ ಸಣ್ಣ ಅಕ್ಷರ ಓದಲಿಲ್ಲ!

ಪೇಪರಿನಲ್ಲಿ ಅರ್ಧ ಪುಟದ ಜಾಹೀರಾತು: ‘ಗದ್ದಲದಲ್ಲೂ ಪಿಸುಮಾತು ಸ್ಪಷ್ಟ’. ಅಂಗಡಿಯ ಎ.ಸಿ. ಕೋಣೆಯಲ್ಲಿ ಎಲ್ಲ ಚೆನ್ನಾಗೇ ಕೇಳಿಸಿತು. ಮನೆಗೆ ಬಂದರೆ ಕುಕ್ಕರಿನ ಸೀಟಿ, ಮಿಕ್ಸಿ, ಬೀದಿಯ ಹಾರನ್ನು, ಎಲ್ಲ ತಲೆಯೊಳಗೇ. ಪಕ್ಕದಲ್ಲಿ ಕೂತ ಮೊಮ್ಮಗಳ ಮಾತು ಮಾತ್ರ ಇಲ್ಲ. ‘ತಾತ, ನಾಳೆ ಸ್ಕೂಲಲ್ಲಿ ನನ್ನ ಹಾಡಿದೆ, ಬರ್ತೀಯಾ?’ ಅಂದಳಂತೆ. ನಾನು, ‘ಹಾಲು ಫ್ರಿಜ್ಜಿನಲ್ಲಿದೆ, ಕುಡಿಯಮ್ಮ’ ಅಂದೆ. ಮಗು ಮತ್ತೆ ಕೇಳಲಿಲ್ಲ. ಸೊಸೆ ಹೇಳಿ ನನಗೆ ಗೊತ್ತಾಗುವ ಹೊತ್ತಿಗೆ ಹಾಡು ಮುಗಿದಿತ್ತು.

ಅಂಗಡಿಗೆ ಮೂರು ಸಲ ಹೋದೆ. ‘ಅಭ್ಯಾಸ ಆಗುತ್ತೆ ಸಾರ್’ ಅಂದರು. ನಾಲ್ಕನೇ ಸಲ, ‘ಮಾರಿದ ಮಾಲು ವಾಪಸ್ಸಿಲ್ಲ’.

ಮಗ ಮೈಸೂರಿಗೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದ. ಪರೀಕ್ಷಿಸಿದ ಹುಡುಗಿ ತಾಳ್ಮೆಯಿಂದ ಬರೆದು ತೋರಿಸಿದಳು: ವಯಸ್ಸಾದವರಿಗೆ ಮೊದಲು ಹೋಗುವುದು ಸ, ಶದಂಥ ಕೀಚು ದನಿಗಳು. ಆ ಕೊರತೆಯ ಅಳತೆಗೆ ಯಂತ್ರವನ್ನು ಹೊಂದಿಸಬೇಕು, ನನ್ನದನ್ನು ಹೊಂದಿಸಿಯೇ ಇರಲಿಲ್ಲ. ಹೊಂದಿಸಿದರೂ ಗದ್ದಲದಲ್ಲಿ ಪಿಸುಮಾತು ಕೇಳಿಸುತ್ತದೆಂದು ಯಾವ ಯಂತ್ರವೂ ಮಾತು ಕೊಡಲಾರದು.

ಹಾಗಾದರೆ ಜಾಹೀರಾತು? ಗುಮಾಸ್ತನ ಬುದ್ಧಿ ಎಚ್ಚರವಾಯಿತು. ಪೇಪರಿನ ಕತ್ತರಿಕೆ, ಬಿಲ್ಲು, ಪರೀಕ್ಷೆಯ ವರದಿ, ಅಂಗಡಿಗೆ ಹೋದ ತಾರೀಖುಗಳು, ಎಲ್ಲ ಒಂದು ಫೈಲಿಗೆ ಸೇರಿದವು. 1915ಕ್ಕೆ ಫೋನು ಮಾಡಿದೆ, ಅಂಗಡಿ ಜಗ್ಗಲಿಲ್ಲ. ನೋಟೀಸು ಕಳಿಸಿದೆ, ಉತ್ತರವಿಲ್ಲ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. 2019ರ ಕಾಯಿದೆ ಬಂದಮೇಲೆ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು ಅಷ್ಟೆ.

ಎರಡನೇ ತಾರೀಖಿಗೆ ಅಂಗಡಿಯವರು ರಾಜಿಗೆ ಬಂದು 40,000 ಕೊಟ್ಟರು. ಸೊಸೆ, ‘ಸಾಕು ಮಾವ, ಬಿಡಿ’ ಅಂದಳು. ಒಪ್ಪಿದೆ. ನನ್ನ ಲೆಕ್ಕದಲ್ಲಿ 8,000 ಇನ್ನೂ ಬಾಕಿಯೇ.

ಈಗಿನದು ಮೊದಲಿನದಕ್ಕಿಂತ ಅಗ್ಗದ ಯಂತ್ರ, ಎರಡು ವಾರ ಹಾಕಿ ನೋಡಿ ಆಮೇಲೆ ಕೊಂಡದ್ದು. ಮೊನ್ನೆ ಭಾನುವಾರ ಮೊಮ್ಮಗಳು ಫ್ಯಾನು ಆರಿಸಿ, ನನ್ನೆದುರಿಗೇ ನಿಂತು ಆ ಹಾಡನ್ನು ಪೂರ್ತಿ ಹಾಡಿದಳು. ಎರಡು ಸಾಲು ಸರಿಯಾಗಿ ತಿಳಿಯಲಿಲ್ಲ. ಮತ್ತೊಮ್ಮೆ ಹಾಡು ಅಂದೆ.